ಬಳೆ ಅಂಗಡಿ ಕಾಕಾನ ಗಿಟಾರು

ಸತ್ತವರನ್ನು ಬೈಯಬಾರದು ಎಂದು ನಮ್ಮವ್ವ ಹೇಳುತ್ತಿದ್ದಳು. ಬೈಯದೆ ಈ ಮನುಷ್ಯನನ್ನು ನೆನೆಸಿಕೊಳ್ಳುವುದು ಹೇಗೆಂದು ಮಾತ್ರ ಅವಳು ಹೇಳಿಕೊಟ್ಟಿಲ್ಲ. ಹುಕ್ಕೇರಿಯ ಅರ್ಧ ಪೇಟೆ ಅವರ ಮನೆ ಮುಂದೆ ಸೇರಿ ‘ದೇವರಂಥಾ ಮನಷ್ಯಾ’ ಎಂದು ಕಣ್ಣೊರೆಸಿಕೊಳ್ಳುತ್ತಿದ್ದಾಗ ನಾನು ಅಂಗಳದ ಹೆಣ್ಣುಮಕ್ಕಳ ಗುಂಪಿನಲ್ಲಿ ನಿಂತು ಒಳಗೊಳಗೇ ಹಲ್ಲು ಕಡಿಯುತ್ತಿದ್ದೆ. ದೇವರಂತೆ, ದೇವರು! ಯಾವ ದೇವರು ಕಾರ್ಯಕ್ರಮ ಶುರುವಾಗುವ ಹೊತ್ತಿಗೆ ಗಿಟಾರು ಬೋರಲು ಹಾಕಿ ಸ್ಕ್ರೂ ಬಿಚ್ಚುತ್ತಾನೆ? ಹೇಳಿ ನೋಡೋಣ.

ನಾನು ಗೋಕಾಕದಲ್ಲಿ ಬ್ಲೌಸು ಹೊಲಿಯುವವಳು. ಹಗಲೆಲ್ಲ ಮಂದಿಯ ಅಳತೆ ಹಿಡಿದು ಮಷೀನು ತುಳಿಯುವುದು, ಲಗ್ನದ ಸುಗ್ಗಿಯಲ್ಲಿ, ಗಣಪತಿ ಹಬ್ಬದಲ್ಲಿ, ಉರುಸಿನಲ್ಲಿ ಆರ್ಕೆಸ್ಟ್ರಾದ ಜೊತೆ ಹೋಗಿ ಹಾಡುವುದು. ಈ ತೀರಿಕೊಂಡವರದು ಹುಕ್ಕೇರಿಯಲ್ಲಿ ಬಳೆ ಅಂಗಡಿ. ಅಜ್ಜನ ಅಜ್ಜನ ಕಾಲದಿಂದ ಸುತ್ತಲಿನ ಊರುಗಳ ಹೆಣ್ಣುಮಕ್ಕಳಿಗೆ ಬಳೆ ತೊಡಿಸಿದ ಮನೆತನ. ಆ ಮನೆತನದ ಮಗನ ಕೈಗೆ ಎಲೆಕ್ಟ್ರಿಕ್ ಗಿಟಾರು ಹೇಗೆ ಬಂತೆಂದರೆ, ಮಿರಜಿಗೆ ಮಾಲು ತರಲು ಹೋದವರು ಬಳೆಯ ಬದಲು ಅದನ್ನು ಹೊತ್ತು ತಂದರಂತೆ. ಅವರಪ್ಪ ಒಂದು ವಾರ ಮಾತು ಬಿಟ್ಟಿದ್ದರಂತೆ. ಹೀಗೆಂದು ಅವರೇ ಹೇಳುತ್ತಿದ್ದರು, ಅದೂ ದೊಡ್ಡ ಹೆಮ್ಮೆಯಿಂದ.

ನಾವೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದೆವು. ಅವರು ಮಾತ್ರ ಐದು ವರ್ಷದ ಹುಡುಗಿಯಿಂದ ಹಿಡಿದು ಬೆನ್ನು ಬಾಗಿದ ಮುದುಕಿಯವರೆಗೆ ಹೆಣ್ಣಾಗಿ ಹುಟ್ಟಿದವರನ್ನೆಲ್ಲ ‘ಅಕ್ಕಾರ’ ಎಂದೇ ಕರೆಯುತ್ತಿದ್ದರು. ಅಂಗಡಿಯ ರೂಢಿ. ನಾನು ಅವರ ಮಗಳ ವಾರಿಗೆಯವಳು, ಆದರೂ ಅಕ್ಕಾರ. ಜಗಳ ಆಡುವಾಗಲೂ ಅಕ್ಕಾರ. ಅದರಿಂದ ನನ್ನ ಸಿಟ್ಟು ಇನ್ನಷ್ಟು ಏರುತ್ತಿತ್ತು, ಯಾಕೆಂದರೆ ಹಾಗೆ ಕರೆಯುವ ಮನುಷ್ಯನ ಜೊತೆ ಬಾಯಿ ತುಂಬ ಜಗಳ ಆಡಲು ಬರುವುದಿಲ್ಲ.

ಕುಂತಲ್ಲಿ ಕೂರದ, ನಿಂತಲ್ಲಿ ನಿಲ್ಲದ ಜೀವ. ಅಂಗಿಯ ಕಿಸೆಯಲ್ಲಿ ಪೆನ್ನು ಇರಬೇಕಾದಲ್ಲಿ ಒಂದು ಸ್ಕ್ರೂ ಡ್ರೈವರ್. ಚಹಾದ ಅಂಗಡಿಯಲ್ಲಿ ಬೆಂಚು ಅಲುಗಿದರೆ ಬಗ್ಗಿ ಕಾಲಿಗೆ ಕಾಗದ ತುರುಕುವವರು. ಮದುವೆ ಮನೆಯಲ್ಲಿ ಫ್ಯಾನು ಕಿರುಗುಟ್ಟಿದರೆ ಕುರ್ಚಿ ಹತ್ತುವವರು. ಒಮ್ಮೆ ನನ್ನ ಅಂಗಡಿಯಲ್ಲಿ ವ್ಯಾನಿಗಾಗಿ ಕಾಯುತ್ತ ಕೂತವರು, ನಾನು ಚಹಾ ತರಲು ಒಳಗೆ ಹೋಗಿ ಬರುವಷ್ಟರಲ್ಲಿ, ಮಷೀನಿನ ಬಾಬಿನ್ ಗೂಡು ಬಿಚ್ಚಿ ಅದರ ಸಣ್ಣ ಸ್ಕ್ರೂ ತಿರುಗಿಸಿಬಿಟ್ಟಿದ್ದರು. ಮರುದಿನ ಇಡೀ ದಿನ ದಾರ ಕಡಿದದ್ದೇ ಕಡಿದದ್ದು. ಗಿರಾಕಿಗಳೆದುರು ಮರ್ಯಾದೆ ಹೋಯಿತು.

“ಕಾಕಾ, ಬೇಕಾದ್ರ ನಿಮ್ಮ ಅಂಗಡಿ ಬಿಚ್ಕೋರಿ. ನನ್ನ ಮಷೀನಿಗೆ ಕೈ ಹಚ್ಚಿದ್ರ ನೋಡ್ರಿ ಮತ್ತ!” ಎಂದು ಫೋನಿನಲ್ಲೇ ಹರಿಹಾಯ್ದೆ.

“ಚಲೋನ ಇತ್ರಿ ಅಕ್ಕಾರ,” ಎಂದರು ಆ ಕಡೆಯಿಂದ. “ಇನ್ನೂ ಒಂದೀಟ ಚಲೋ ಆಗಲಿ ಅಂತ ತಿರಗಿಸಿದ್ನಿ.”

ಇನ್ನೂ ಒಂದೀಟ. ಈ ಮಾತನ್ನು ಅವರ ಬಾಯಿಂದ ಕೇಳಿ ಕೇಳಿ ನನಗೆ ತಲೆ ಚಿಟ್ಟು ಹಿಡಿದಿತ್ತು. ಮೂಡಲಗಿ ಕಡೆ ಹೋಗುವಾಗ ಧುಪದಾಳದ ಬಳಿ ನಮ್ಮ ವ್ಯಾನು ನಿಲ್ಲುವುದಿತ್ತು. ಒಡ್ಡಿನ ಮೇಲಿಂದ ನೀರು ಬೀಳುವುದನ್ನು ನೋಡುತ್ತ ನಾವೆಲ್ಲ ಭಜಿ ತಿನ್ನುವುದು, ಕಾಕಾ ಮಾತ್ರ ವ್ಯಾನಿನ ಮೆಟ್ಟಿಲ ಮೇಲೆ ಕೂತು ಗಿಟಾರನ್ನು ತೊಡೆಯ ಮೇಲೆ ಬೋರಲು ಹಾಕಿಕೊಳ್ಳುವುದು. ಹೇನು ನೋಡಲು ಮಗಳನ್ನು ಮಲಗಿಸಿಕೊಂಡ ತಾಯಿ ಹೇಗೋ ಹಾಗೆ. ಭಜಿ ಆರಿ ತಣ್ಣಗಾಗುತ್ತಿತ್ತು. ಒಂದು ಸ್ಕ್ರೂ ಅರ್ಧ ಸುತ್ತು ಬಿಗಿ, ತಂತಿ ಮೀಟು, ತಲೆ ಅಲ್ಲಾಡಿಸು, ಮತ್ತೆ ಅರ್ಧ ಸುತ್ತು ಸಡಿಲು.

ಈ ಗೋಳಿಗೆಲ್ಲ ಕಾರಣ ಆ ಗಿಟಾರಿನ ಬ್ರಿಡ್ಜು. ತಂತಿಗಳ ಕೆಳಗಿನ ತುದಿ ಹಿಡಿದುಕೊಳ್ಳುವ ಲೋಹದ ಪಟ್ಟಿ ಅದು. ಬೇರೆ ಗಿಟಾರುಗಳಲ್ಲಿ ಅದು ಗೋಡೆಗೆ ಬಡಿದ ಗೂಟದಷ್ಟು ಗಟ್ಟಿ. ಕಾಕಾನದು ಅಲ್ಲಾಡುವಂಥದು. ಮುಂದಿನಿಂದ ತಂತಿಗಳು ಎಳೆಯುತ್ತವೆ, ಗಿಟಾರಿನ ಬೆನ್ನ ಒಳಗಿನ ಗೂಡಿನಲ್ಲಿ ಸ್ಪ್ರಿಂಗುಗಳು ಎಳೆಯುತ್ತವೆ, ಎರಡೂ ಎಳೆತ ಸಮವಾದಾಗ ಪಟ್ಟಿ ನಡುವೆ ತೇಲಿಕೊಂಡು ನಿಲ್ಲುತ್ತದೆ. ಅದಕ್ಕೊಂದು ತೆಳ್ಳಗಿನ ಹ್ಯಾಂಡಲು. ಒತ್ತಿದರೆ ತಂತಿಗಳೆಲ್ಲ ಒಟ್ಟಿಗೆ ಸಡಿಲಾಗಿ ಸ್ವರ ಕೆಳಗಿಳಿಯುತ್ತದೆ, ಬಿಟ್ಟರೆ ತನ್ನ ಜಾಗಕ್ಕೆ ಬರುತ್ತದೆ. ಹೊಲಿಯುವವಳಿಗೆ ಇದೇನು ದೊಡ್ಡ ವಿದ್ಯೆಯಲ್ಲ. ಮೇಲಿನ ದಾರದ ಬಿಗಿಗೂ ಬಾಬಿನ್ ದಾರದ ಬಿಗಿಗೂ ಹೊಂದಿಕೆ ತಪ್ಪಿದರೆ ಹೊಲಿಗೆ ಸುಕ್ಕಾಗುತ್ತದೆ, ಅಷ್ಟೇ. ಆದರೆ ನಾನು ಒಮ್ಮೆ ಹೊಂದಿಸಿದರೆ ತಿಂಗಳುಗಟ್ಟಲೆ ಹೊಲಿಯುತ್ತೇನೆ. ಈ ಮನುಷ್ಯನಿಗೆ ದಿನಾ ಹೊಂದಿಸಬೇಕು, ಯಾಕೆಂದರೆ ಒಂದು ತಂತಿ ಬಿಗಿ ಮಾಡಿದರೆ ಪಟ್ಟಿ ಒಂದು ಕೂದಲೆಳೆ ಮೇಲೇಳುತ್ತದೆ, ಉಳಿದ ಐದೂ ಸಡಿಲಾಗುತ್ತವೆ.

ಇಷ್ಟು ಸಾಲದೆಂಬಂತೆ ಅವರದೊಂದು ಹಟ ಬೇರೆ. ನಮ್ಮ ಕಡೆ ಹಳ್ಳಿಗಳಲ್ಲಿ ಆರ್ಕೆಸ್ಟ್ರಾ ಶುರುವಾಗುವ ಮುಂಚೆ ಊರಿನ ಭಜನಾ ಮೇಳದವರು ಒಂದೆರಡು ಪದ ಹಾಡುತ್ತಾರೆ. ಅವರ ಹಾರ್ಮೋನಿಯಂ ಹಳೆಯದು, ಒಂದೊಂದು ಊರಿನದು ಒಂದೊಂದು ಶ್ರುತಿ. ನಾಗನೂರಿನ ಪೆಟ್ಟಿಗೆಯಂತೂ ಎಲ್ಲಕ್ಕಿಂತ ಕೆಳಗೆ. ಬೇರೆ ಗಿಟಾರಿನವರಾದರೆ ಭಜನೆ ಮುಗಿಯುವವರೆಗೆ ಎಲೆ ಅಡಿಕೆ ಹಾಕಿಕೊಂಡು ಕೂರುತ್ತಾರೆ. ಕಾಕಾ ಅವರ ಪೆಟ್ಟಿಗೆಗೆ ತಮ್ಮ ಗಿಟಾರು ಇಳಿಸಿ ಜೊತೆಗೆ ಬಾರಿಸಲೇಬೇಕು. ತಂತಿ ಇಳಿಸಿದರೆ ಸ್ಪ್ರಿಂಗು ಗೆಲ್ಲುತ್ತದೆ, ಪಟ್ಟಿ ಕುಸಿಯುತ್ತದೆ, ಬೆನ್ನು ಬಿಚ್ಚಿ ಸ್ಪ್ರಿಂಗು ಸಡಿಲಿಸಬೇಕು. ಭಜನೆ ಮುಗಿದ ಮೇಲೆ ಎಲ್ಲವನ್ನೂ ಮತ್ತೆ ಏರಿಸಬೇಕು.

“ಅವರಿಗೇನ ಗೊತ್ತಾಗ್ತೈತ್ರಿ ಕಾಕಾ? ಬಿಡ್ರಿ ಅತ್ತಾಗ,” ಎಂದು ನಾನು ಒಮ್ಮೆ ರೇಗಿದೆ.

“ನಾವು ಅವರ ಊರಿಗೆ ಬಂದೇವ್ರಿ ಅಕ್ಕಾರ, ಅವರು ನಮ್ಮ ಊರಿಗೆ ಬಂದಿಲ್ಲ,” ಎಂದರು, ಸ್ಪ್ರಿಂಗಿನಿಂದ ಕಣ್ಣು ಎತ್ತದೆ.

ಆಮೇಲೆ ನನಗೆ ಕುತ್ತಿಗೆಯಲ್ಲಿ ಥೈರಾಯ್ಡಿನ ಗಡ್ಡೆ ಬಂತು. ಆಪರೇಷನ್ ಮಾಡುವ ಡಾಕ್ಟರು, ದನಿಯ ನರ ಅಲ್ಲೇ ಪಕ್ಕದಲ್ಲಿ ಹಾದುಹೋಗುತ್ತದೆ, ಹೆಚ್ಚು ಕಡಿಮೆ ಆಗಬಹುದು ಎಂದರು. ನನ್ನ ಗಂಡ, ಜೀವ ಉಳಿದರೆ ಸಾಕು ಎಂದ. ನನಗೆ ಸಾಕಾಗಿರಲಿಲ್ಲ. ಹಗಲೆಲ್ಲ ಇನ್ನೊಬ್ಬರ ಮೈಗೆ ಹೊಂದುವುದನ್ನು ಹೊಲಿಯುವವಳಿಗೆ ತನ್ನದು ಅಂತ ಇದ್ದದ್ದು ಆ ದನಿ ಒಂದೇ. ವೇದಿಕೆ ಮೇಲೆ ಕಣ್ಣು ಮುಚ್ಚಿ ಮೇಲಿನ ಷಡ್ಜ ಹಿಡಿದು ನಿಂತಾಗ ಲಗ್ನದ ಮನೆಯ ಗದ್ದಲವೆಲ್ಲ ತಣ್ಣಗಾಗುವುದಿತ್ತಲ್ಲ, ಆ ಗಳಿಗೆಗಾಗಿಯೇ ನಾನು ಬದುಕಿದ್ದೆ ಎಂದರೂ ಸುಳ್ಳಲ್ಲ. ಅದು ಹೋಗುತ್ತದೆಂಬ ಭಯಕ್ಕೆ ಆಸ್ಪತ್ರೆಯ ಮಂಚದ ಮೇಲೆ ನನಗೆ ನಿದ್ದೆಯೇ ಬರಲಿಲ್ಲ.

ಹೋಗಲಿಲ್ಲ. ಕೆಲವು ತಿಂಗಳು ಬಿಟ್ಟು ಮತ್ತೆ ಹಾಡಲು ನಿಂತಾಗ ಎಲ್ಲರೂ ‘ಅದ ದನಿ, ಏನೂ ಫರಕ ಇಲ್ಲ’ ಎಂದರು. ನನಗೂ ಹಾಗೇ ಕೇಳಿಸಿತು. ಕಾಕಾ ಮಾತ್ರ ಹೊಸದೊಂದು ಕಿರಿಕಿರಿ ಶುರು ಮಾಡಿದರು. “ಅಕ್ಕಾರ ಮ್ಯಾಲಿನ ಸ್ವರಕ್ಕ ಹ್ವಾದಾಗ ಕೀಬೋರ್ಡ್ ಬಂದ್ ಇರಬೇಕು. ನಂದೊಂದ ಗಿಟಾರ್ ಸಾಕು,” ಎಂದು ಮಾಲಕನೆದುರು ಪಟ್ಟು ಹಿಡಿದರು. ಮಾಲಕನೆಂದರೆ ನಮ್ಮ ಆರ್ಕೆಸ್ಟ್ರಾದ ಧಣಿ. ವ್ಯಾನೂ ಅವನದೇ, ಕೀಬೋರ್ಡೂ ಅವನದೇ, ಎಲ್ಲರ ಪಾಲಿನ ಸಿಟ್ಟೂ ಅವನದೇ. ವಯಸ್ಸಾದವರ ಮಾತೆಂದು ಗೊಣಗುತ್ತ ಒಪ್ಪಿಕೊಂಡ. ಮುದುಕಪ್ಪನಿಗೆ ತಾನೊಬ್ಬನೇ ಕೇಳಿಸಬೇಕೆಂಬ ಸೊಕ್ಕು ಬಂದಿದೆ ಎಂದು ನಾವು ವ್ಯಾನಿನ ಹಿಂದಿನ ಸೀಟಿನಲ್ಲಿ ಕೂತು ನಕ್ಕೆವು.

ನಗು ಬಹಳ ದಿನ ಉಳಿಯಲಿಲ್ಲ. ಒಂದೊಂದು ಕಾರ್ಯಕ್ರಮದಲ್ಲಿ ಮುಂದಿನ ಸಾಲಿನವರು ಮುಖ ಮುಖ ನೋಡಿಕೊಳ್ಳಲು ಶುರು ಮಾಡಿದರು. ಮೂಡಲಗಿಯ ಒಂದು ಲಗ್ನದಲ್ಲಿ ಹುಡುಗಿಯ ಸೋದರಮಾವ ನೇರ ಬಂದು, “ಹಾಡ ಎಲ್ಲೋ ಬೆಸೂರ ಆಗಾಕತ್ತೈತಲ್ರಿ,” ಎಂದ. ಕಾಕಾ ಥಟ್ಟನೆ ಗಿಟಾರು ಎತ್ತಿ ತೋರಿಸಿ, “ನಂದ ತಪ್ಪರಿ ಸಾಹೇಬ್ರ. ಬ್ರಿಡ್ಜ್ ನಿಲ್ಲವಲ್ದು,” ಎಂದರು. ಕೈ ಮುಗಿದೇ ಹೇಳಿದರು. ಸ್ಕ್ರೂ ಡ್ರೈವರ್ ತೆಗೆದು ಎಲ್ಲರೆದುರು ಬೆನ್ನು ಬಿಚ್ಚಿದರು.

ಮಾಲಕ ಉರಿದು ಬಿದ್ದ. “ಕುಣಿಲಾರದಾಕಿ ನೆಲಾ ಡೊಂಕ ಅಂದ್ಳಂತ! ಬಾರಸಾಕ ಬರೂದಿಲ್ಲ, ಬ್ರಿಡ್ಜಿನ ಮ್ಯಾಲೆ ಹಾಕ್ತಾನ ಮುದುಕ,” ಎಂದು ಕಾಕಾನಿಗೆ ಕೇಳುವ ಹಾಗೆಯೇ ಬೈದ. ಅಷ್ಟರಲ್ಲಿ ಅವನು ಬೆಳಗಾವಿಯಿಂದ ಒಬ್ಬ ಎಳೆ ದನಿಯ ಹುಡುಗಿಯನ್ನು ಕರೆತಂದಿದ್ದ. ಸದ್ಯಕ್ಕೆ ಎರಡು ಹಾಡು ಹಾಡಲಿ, ಮುಂದೆ ನೋಡೋಣ ಎನ್ನುತ್ತಿದ್ದ. ಮುಂದೆ ಏನು ನೋಡುತ್ತಾನೆಂದು ತಿಳಿಯದಷ್ಟು ದಡ್ಡಿ ನಾನಲ್ಲ. ಗಿಟಾರು ಕೆಟ್ಟರೆ ಕೆಟ್ಟ ಹೆಸರು ನನ್ನ ಹಾಡಿಗೆ. ಹೀಗೇ ನಾಲ್ಕು ಲಗ್ನ ಕಳೆದರೆ ನನ್ನ ಜಾಗದಲ್ಲಿ ಆ ಹುಡುಗಿ ನಿಂತಿರುತ್ತಾಳೆ.

ಮರುದಿನ ಕಾಕಾ ನನ್ನ ಅಂಗಡಿಗೆ ಬಂದಾಗ ಕತ್ತರಿ ಕೆಳಗಿಟ್ಟು ಕೇಳಿದೆ. “ಕಾಕಾ, ಎಲ್ಲಾ ಗಿಟಾರದವ್ರೂ ಅದರ ಹಿಂದ ಒಂದ ಕಟಗಿ ತುಂಡ ಬಡದ ಬ್ರಿಡ್ಜ್ ಗಟ್ಟಿ ಮಾಡ್ಕೊಂಡಾರ ಅಂತ. ನಿಮಗೇನ ಧಾಡಿ?”

“ಹ್ಯಾಂಡಲ್ ಸತ್ತಹೋಗತೈತ್ರಿ.”

“ಸಾಯ್ಲಿ. ನಿಮ್ಮ ಹ್ಯಾಂಡಲ್ಲಿನ ಸಲುವಾಗಿ ನನ್ನ ಹಾಡ ಸಾಯಬೇಕೇನ್ರಿ? ಆ ಹ್ಯಾಂಡಲ್ ಇರಬೇಕು, ಇಲ್ಲಾ ನಾ ಇರಬೇಕು. ಏನ ಮಾಡ್ತೀರಿ ನೋಡ್ರಿ.”

ಅವರ ಕೈಯಲ್ಲಿ ನನ್ನ ಇಸ್ತ್ರಿ ಪೆಟ್ಟಿಗೆಯ ವೈರು ಇತ್ತು, ಅದನ್ನೇನೋ ಕೆದಕುತ್ತಿದ್ದರು. ಕೈ ನಿಂತಿತು. ಆ ಕೈ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು.

“ನೀವ ಹೇಳಾಕತ್ತೀರೇನ್ರಿ ಅಕ್ಕಾರ? ಮಾಲಕರ ಮಾತಲ್ಲಲ್ಲ?”

“ನಾನ ಹೇಳಾಕತ್ತೇನಿ.”

“ಆತ್ರಿ ಹಂಗಾರ,” ಎಂದರು.

ಮೂಲೆಯಲ್ಲಿ ಇಸ್ತ್ರಿ ಮೇಜಿನ ಮುರಿದ ಕಾಲು ಬಿದ್ದಿತ್ತು, ಸಾಗವಾನಿಯದು. ಕೇಳಿ ತೆಗೆದುಕೊಂಡರು. ಅಲ್ಲೇ ಕೂತು ಕೊಯ್ದು, ಉಜ್ಜಿ, ಗಿಟಾರಿನ ಬೆನ್ನ ಗೂಡಿನಲ್ಲಿ ಬ್ರಿಡ್ಜಿಗೆ ಜೋಡಿಸಿದ ಲೋಹದ ಗಟ್ಟಿಯ ಹಿಂದೆ ತುರುಕಿ, ಸ್ಪ್ರಿಂಗುಗಳನ್ನು ಪೂರಾ ಬಿಗಿ ಮಾಡಿದರು. ಹ್ಯಾಂಡಲು ತಿರುಗಿಸಿ ತೆಗೆದು ಕಿಸೆಗೆ ಹಾಕಿಕೊಂಡರು. ಯಾವುದನ್ನೂ ಎರಡನೆಯ ಸಲ ಮುಟ್ಟಲಿಲ್ಲ. ‘ಇನ್ನೂ ಒಂದೀಟ’ ಎನ್ನಲೂ ಇಲ್ಲ. ನನಗೆ ಗೆದ್ದ ಖುಷಿ. ಅವತ್ತು ಅವರಿಗೆ ಎರಡು ಕಪ್ಪು ಚಹಾ ಕುಡಿಸಿ ಕಳಿಸಿದೆ.

ಅದಾದ ಮೊದಲ ಕಾರ್ಯಕ್ರಮ ಯಮಕನಮರಡಿಯಲ್ಲಿ, ಹೆದ್ದಾರಿ ಬದಿಯ ಕಲ್ಯಾಣ ಮಂಟಪದಲ್ಲಿ. ಅಕ್ಷತೆಯ ಅಕ್ಕಿಕಾಳು ಬಿದ್ದು ಊಟದ ಪಂಕ್ತಿ ನಡೆದಿತ್ತು. ಭಜನೆಯವರು ಹಾಡಿದಾಗ ಕಾಕಾ ಐದು ನಿಮಿಷದಲ್ಲಿ ಶ್ರುತಿ ಇಳಿಸಿದರು, ಆಮೇಲೆ ಐದು ನಿಮಿಷದಲ್ಲಿ ಏರಿಸಿದರು. ಮಾಲಕ ಹೆಬ್ಬೆರಳು ಎತ್ತಿ ತೋರಿಸಿದ. ನನ್ನ ಹಾಡು ಬಂತು. ತಾಳ ಇಲ್ಲದ ಉದ್ದನೆಯ ಆಲಾಪದಿಂದ ಅದು ಶುರು. ಮೆಲ್ಲಗೆ ಏರುತ್ತ ಹೋದೆ. ರೂಢಿಯಂತೆ ಕೀಬೋರ್ಡು ನಿಂತಿತು. ಗಿಟಾರಿನ ಒಂದೇ ಸ್ವರ, ಗಟ್ಟಿಯಾಗಿ, ನೆಟ್ಟಗೆ. ನಾನು ಕಣ್ಣು ಮುಚ್ಚಿ ಮೇಲಿನ ಷಡ್ಜಕ್ಕೆ ಕೈ ಚಾಚಿದೆ.

ಸಿಗಲಿಲ್ಲ.

ಗಿಟಾರು ಅಲ್ಲೇ ಇತ್ತು, ನಾನು ಅದರ ಕೆಳಗೆ ಇದ್ದೆ. ಎರಡು ದನಿಗಳ ನಡುವೆ ಗುಂಯ್ ಗುಂಯ್ ಎಂದು ಒಂದು ಕೆಟ್ಟ ಅಲೆ. ಇನ್ನೂ ಜೋರು ಹಾಕಿದೆ. ಇನ್ನೂ ಕೆಳಗೆ ಹೋಯಿತು. ಗಿಟಾರು ನನಗಾಗಿ ಒಂದು ಕೂದಲೂ ಕದಲಲಿಲ್ಲ. ಕಣ್ಣು ತೆರೆದು ಕಾಕಾನ ಕಡೆ ನೋಡಿದೆ. ಅವರು ತಲೆ ತಗ್ಗಿಸಿ ನೆಲ ನೋಡುತ್ತಿದ್ದರು. ಬಲಗೈಯ ಕಿರುಬೆರಳು ಮಾತ್ರ ಬ್ರಿಡ್ಜಿನ ಹತ್ತಿರ ಬರಿಗಾಳಿಯಲ್ಲಿ ಏನನ್ನೋ ಹುಡುಕುತ್ತಿತ್ತು. ಹ್ಯಾಂಡಲು ಇರುತ್ತಿದ್ದ ಜಾಗ. ಒತ್ತಲು ಹೋಗುತ್ತಿತ್ತು, ಏನೂ ಸಿಗದೆ ಹಿಂದೆ ಬರುತ್ತಿತ್ತು, ಮತ್ತೆ ಹೋಗುತ್ತಿತ್ತು.

ಅಯ್ಯೋ ನನ್ನ ಶಿವನೇ! ನೆಲ ಡೊಂಕು ಅಂದವಳು ನಾನು. ಇಷ್ಟು ದಿನ ಆ ಮನುಷ್ಯ ನನ್ನ ದನಿ ಎಲ್ಲಿ ಬೀಳುತ್ತದೋ ಅಲ್ಲಿಗೆ ತನ್ನ ಗಿಟಾರು ಇಳಿಸಿಕೊಂಡು ಬಂದಿದ್ದ. ಕೀಬೋರ್ಡು ನಿಲ್ಲಿಸಿದ್ದು ಅದಕ್ಕೆ, ಅದರ ಸ್ವರ ಇಳಿಯುವುದಿಲ್ಲವಲ್ಲ. ಮಂದಿಗೆ ಏನಾದರೂ ಗೊತ್ತಾದರೆ ತಪ್ಪು ಬ್ರಿಡ್ಜಿನದು. ಹಾಡು ಹೇಗೆ ಮುಗಿಸಿದೆನೋ ಗೊತ್ತಿಲ್ಲ. ಪಂಕ್ತಿಯಲ್ಲಿ ಕೂತವರು ಎಲೆಯ ಮೇಲೆ ಕೈ ನಿಲ್ಲಿಸಿ ನೋಡುತ್ತಿದ್ದರು. ಬೆಳಗಾವಿಯ ಹುಡುಗಿ ತನ್ನ ಚಪ್ಪಲಿ ನೋಡಿಕೊಳ್ಳುತ್ತಿದ್ದಳು. ಮಾಲಕ ಉಳಿದ ಹಾಡುಗಳನ್ನು ಅವಳಿಗೆ ಕೊಟ್ಟ.

ಮನೆಗೆ ಬಂದು ಎರಡು ದಿನ ಮಷೀನಿನ ಮುಂದೆ ಸುಮ್ಮನೆ ಕೂತೆ. ನಾಚಿಕೆ ಮೊದಲು ಬಂತು, ಆಮೇಲೆ ಸಿಟ್ಟು. ಬಸ್ಸು ಹತ್ತಿ ಹುಕ್ಕೇರಿಗೆ ಹೋದೆ.

ಅಂಗಡಿಯಲ್ಲಿ ಒಬ್ಬ ಗೃಹಿಣಿ ಕೈ ಚಾಚಿ ಕೂತಿದ್ದಳು. “ಎರಡಾರು ಅಳತಿ ಕೊಡ್ರಿ, ನಂದು ಯಾವಾಗ್ಲೂ ಎರಡಾರು,” ಎನ್ನುತ್ತಿದ್ದಳು. ಕೈ ನೋಡಿದರೆ ಯಾರಿಗಾದರೂ ತಿಳಿಯುತ್ತಿತ್ತು, ಎರಡಾರು ಆ ಕೈಗೆ ಏರುವುದು ನಿಂತು ಬಹಳ ಕಾಲ ಆಗಿತ್ತು. ಕಾಕಾ ಎರಡಾರರ ಒಂದು ಬಳೆ ಏರಿಸಿದ ಹಾಗೆ ಮಾಡಿ ನಿಲ್ಲಿಸಿದರು. “ಈ ಸಲದ ಮಾಲ ಸಣ್ಣ ಬಂದೈತ್ರಿ ಅಕ್ಕಾರ. ಫ್ಯಾಕ್ಟರಿಯವ್ರಿಗೆ ಬುದ್ಧಿ ಇಲ್ಲ,” ಎಂದು ಬೈಯುತ್ತ ಸದ್ದಿಲ್ಲದೆ ಒಂದು ಅಳತೆ ದೊಡ್ಡದಾದ ಎರಡೆಂಟರ ಕಟ್ಟು ಬಿಚ್ಚಿದರು. ಬಳೆಗಳು ಸಲೀಸಾಗಿ ಏರಿದವು. ಆಕೆ ನಗುತ್ತ ಎದ್ದು ಹೋದಳು.

ನನ್ನ ಮೈ ಉರಿಯಿತು. “ಎಷ್ಟ ದಿನದಿಂದ್ರಿ ಕಾಕಾ?” ಎಂದೆ.

ಅವರಿಗೆ ಅರ್ಥವಾಯಿತು. “ನಿಮ್ಮ ಆಪರೇಷನ್ ಆದಾಗಿಂದ್ರಿ,” ಎಂದರು.

“ಯಾಕ ಹೇಳಲಿಲ್ಲ?”

“ಹೆಣ್ಣಮಗಳಿಗೆ ಕೈ ದಪ್ಪ ಆಗೇತಿ ಅಂತ ನಮ್ಮ ಮನಿತನದಾಗ ಯಾರೂ ಹೇಳಿಲ್ರಿ ಅಕ್ಕಾರ. ತಪ್ಪು ಬಳೀದ ಇರತೈತಿ. ನಮ್ಮಪ್ಪ ಮೊದಲ ಕಲಿಸಿದ್ದ ಅದು.”

“ನಾ ಬಳಿ ಹಾಕಸ್ಕೋಳಾಕ ಬಂದಾಕಿ ಅಲ್ರಿ! ಹಾಡಾಕ ಬಂದಾಕಿ!” ಅಂಗಡಿ ಎಂಬುದನ್ನೂ ಮರೆತು ಕೂಗಿದೆ. “ಆವತ್ತ ಹೇಳಿದ್ರ ಆವತ್ತ ದಾರಿ ಹುಡಕ್ತಿದ್ನಿ. ಊರ ಮುಂದ ನಿಲ್ಲಿಸಿ ನನ್ನ ಹುಚ್ಚಿ ಮಾಡಿದ್ರಿ. ನಿಮಗ ದಯಾ ಬಂದಿತ್ತೇನು? ಯಾರ ಕೇಳಿದ್ರು ನಿಮ್ಮ ದಯಾ?”

ಅವರು ಬಳೆಯ ಕಟ್ಟಿನ ದಾರ ಸುತ್ತುತ್ತ, ಬಿಚ್ಚುತ್ತ ಕೂತರು. “ಪೂರಾ ನಿಮ್ಮ ಸಲುವಾಗಿ ಅಂತೂ ಅಲ್ರಿ,” ಎಂದರು ಕೊನೆಗೆ. “ನನಗೂ ಹ್ಯಾಂಡಲ್ ಆಡಸೂ ಚಟ ಇತ್ತು. ನಿಮ್ಮ ದನಿ ಎಲ್ಲಿ ಹೊಕ್ಕೈತಿ ಅಂತ ಹಿಂಬಾಲ ಹೋಗೂದು ಒಂದು ಮಜಾ ಇತ್ತು. ಮತ್ತ ಹೇಳಿದ್ರ ನೀವು ಹಾಡೂದ ಬಿಡ್ತಿದ್ರಿ. ಅದಕ್ಕ ಅಂಜಿದ್ನಿ.” ಗಿಟಾರು ತಂದು ನನ್ನೆದುರು ಬೋರಲು ಇಟ್ಟು ಸ್ಕ್ರೂ ಡ್ರೈವರ್ ನನ್ನ ಕೈಗೆ ಕೊಟ್ಟರು. “ನೀವ ಹೇಳಿ ಕಟಗಿ ಹಾಕಿಸಿದ್ರಿ. ತೆಗಿಯೂದಾದ್ರ ಇವತ್ತ ನೀವ ತೆಗೀರಿ. ಇನ್ನ ಹತ್ತ ವರ್ಷ ಯಾರಿಗೂ ಗೊತ್ತಾಗೂದಿಲ್ಲ.”

ಎಷ್ಟು ಸುಲಭವಿತ್ತು! ನಾಲ್ಕು ಸ್ಕ್ರೂ ಬಿಚ್ಚಿದರೆ ನನ್ನ ಜಾಗ ನನಗೆ. ನಿಜ ಹೇಳುತ್ತೇನೆ, ಸ್ಕ್ರೂ ಡ್ರೈವರ್ ಹಿಡಿದು ಬಹಳ ಹೊತ್ತು ಕೂತಿದ್ದೆ. ಆಮೇಲೆ ಅದನ್ನು ವಾಪಸು ಕೊಟ್ಟೆ.

“ಇರ್ಲಿ ಬಿಡ್ರಿ. ಆದ್ರ ಇನ್ನ ಮ್ಯಾಲೆ ನನಗ ಸುಳ್ಳ ಹೇಳಂಗಿಲ್ಲ. ನಾನೂ ನಿಮಗ ಹೇಳೂದಿಲ್ಲ. ಮಾತ ಕೊಡ್ರಿ.”

ಕೊಟ್ಟರು. ಕೊಟ್ಟ ಮಾತನ್ನು ಹೇಗೆ ಉಳಿಸಿಕೊಂಡರೆಂದರೆ, ಬೇಡಪ್ಪ ಬೇಡ! ವಾರಕ್ಕೆರಡು ಮಧ್ಯಾಹ್ನ ಅವರ ಅಂಗಡಿಯಲ್ಲಿ ಸಾಧನೆ. ಗಟ್ಟಿ ಬ್ರಿಡ್ಜಿನ ಗಿಟಾರು, ಒಂದೇ ಸ್ವರ. “ತೆಳಗ ಐತಿ.” “ಇನ್ನೂ ತೆಳಗ.” “ಈಗ ಮ್ಯಾಲ ಹ್ವಾದ್ರಿ.” ಎಷ್ಟು ದಿನ ಬಾಯಿ ಕಟ್ಟಿಕೊಂಡಿದ್ದರೋ ಅಷ್ಟೂ ಬಡ್ಡಿ ಸಮೇತ ತೀರಿಸಿದರು. ಒಂದು ದಿನ ತಡೆಯಲಾರದೆ ಅತ್ತುಬಿಟ್ಟೆ. ಬಳೆ ಕೊಳ್ಳಲು ಬಂದ ಮುದುಕಿಯೊಬ್ಬಳು ನನ್ನ ತಲೆ ಸವರಿ, “ಬಳಿ ಬಾಳ ಬಿಗಿ ಆದೂವೇನವ್ವಾ?” ಎಂದಳು. ಕಾಕಾ ಮುಖ ತಿರುಗಿಸಿಕೊಂಡು ನಕ್ಕರು. ನಾನೂ ನಕ್ಕೆ.

ಪವಾಡವೇನೂ ಆಗಲಿಲ್ಲ. ಹೋದ ಎತ್ತರ ಹೋಯಿತು. ಹಾರ್ಮೋನಿಯಂನ ಕಪ್ಪು ಐದರ ಶ್ರುತಿಯಲ್ಲಿ ಹಾಡುತ್ತಿದ್ದವಳು ಕಪ್ಪು ಮೂರಕ್ಕೆ ಇಳಿದೆ. ಏರು ಸ್ವರದ ಹಾಡುಗಳೆಲ್ಲ ಬೆಳಗಾವಿಯ ಹುಡುಗಿಯ ಪಾಲಾದವು. ಮೊದಲ ಸಲ ಅವಳು ನನ್ನ ಹಾಡು ಹಾಡಿದಾಗ ನಾನು ಮಂಟಪದ ಹಿಂದೆ ಹೋಗಿ ಕೈ ತೊಳೆಯುವ ನಳದ ಹತ್ತಿರ ನಿಂತಿದ್ದೆ. ಹೊಟ್ಟೆ ಉರಿಯಿತು, ಯಾಕೆ ಮುಚ್ಚಿಡಲಿ? “ಇಷ್ಟ ತೆಳಗ ಹಾಡಿದ್ರ ಲಗ್ನದ ಮನ್ಯಾಗ ಜನಾ ಮಲಗ್ತಾರ,” ಎಂದ ಮಾಲಕ. ಆದರೆ ಮೂಡಲಗಿಯಲ್ಲಿ ಒಂದು ತೊಟ್ಟಿಲ ಕಾರ್ಯಕ್ರಮದಲ್ಲಿ ಕೆಳಗಿನ ದನಿಯಲ್ಲಿ ಜೋಗುಳ ಹಾಡಿದಾಗ ಯಾರೂ ಮಲಗಲಿಲ್ಲ, ಮಲಗಬೇಕಾಗಿದ್ದ ಕೂಸು ಸಹ. ಹೆಂಗಸರು ಇನ್ನೊಂದು, ಇನ್ನೊಂದು ಎಂದು ಕೂರಿಸಿಕೊಂಡರು. ಆ ಹಾಡುಗಳು ನನ್ನವಾಗಿ ಉಳಿದವು, ಈಗಲೂ ಇವೆ.

ಕಾಕಾನ ಕೈಗೆ ಮಾತ್ರ ಕೆಲಸ ಇಲ್ಲದಂತಾಯಿತು. “ಹ್ಯಾಂಡಲ್ ಇಲ್ಲಂದ್ರ ಕೈ ಖಾಲಿ ಖಾಲಿ ಅನಸ್ತೈತ್ರಿ,” ಎಂದು ಆಗಾಗ ಹೇಳಿ, ವ್ಯಾನಿನ ಬಾಗಿಲ ಚಿಲಕ ಬಿಚ್ಚಿ ಕೂರುತ್ತಿದ್ದರು. ಒಮ್ಮೆ ಆ ಬಾಗಿಲು ದಾರಿಯಲ್ಲೇ ತೆರೆದುಕೊಂಡು ಢೋಲಕ್ಕು ರಸ್ತೆಗೆ ಉರುಳಿತು. ಎಲ್ಲರೂ ಸೇರಿ ಬೈದೆವು.

ಹೋದ ವರ್ಷ ಅವರಿಗೆ ಹೊಟ್ಟೆನೋವು ಎಂದು ಶುರುವಾದದ್ದು ಕೊನೆಗೆ ಕ್ಯಾನ್ಸರ್ ಗಂಟು ಎಂದಾಯಿತು. ಗೋಕಾಕದ ಆಸ್ಪತ್ರೆಯಲ್ಲಿ ಇಟ್ಟಿದ್ದರು. ನಾನು ಹೋದಾಗ ಮಧ್ಯಾಹ್ನ. ಅವರ ಹೆಂಡತಿ, ನಮ್ಮ ಕಾಕೂ, ಬಾಗಿಲಲ್ಲೇ ನನ್ನ ಕೈ ಹಿಡಿದರು. “ಇನ್ನ ಬಾಳ ದಿನಾ ಇಲ್ಲಂದಾರ ಡಾಕ್ಟರ್. ಅವರಿಗೆ ಹೇಳಿಲ್ಲವ್ವಾ. ನೀನೂ ಹೇಳಬ್ಯಾಡ,” ಎಂದರು.

ಒಳಗೆ ಹೋದರೆ ಕಾಕಾ ಸಲೈನಿನ ನಳಿಗೆಯ ಸಣ್ಣ ಗಾಲಿ ತಿರುಗಿಸುತ್ತಿದ್ದರು. ನರ್ಸು ಬಂದು ಬೈದು ಕೈಯನ್ನು ಹೊದಿಕೆಯೊಳಗೆ ಹಾಕಿ ಹೋದಳು. ನನ್ನನ್ನು ನೋಡಿ, “ಒಂದ ನುಡಿ ಹಾಡ್ರಿ ಅಕ್ಕಾರ, ಸಣ್ಣ ದನಿಲೆ,” ಎಂದರು. ಮಂಚದ ತುದಿಗೆ ಕೂತು ಜೋಗುಳದ ಒಂದು ನುಡಿ ಹಾಡಿದೆ. ಕಣ್ಣು ಮುಚ್ಚಿ ಕೇಳಿದರು.

“ಕಡೀಕ ಒಂದೀಟ ತೆಳಗ ಬಂತ್ರಿ,” ಎಂದರು.

ನನಗೆ ನಗು ಬಂತು. ಸಾಯುವ ಹೊತ್ತಿನಲ್ಲೂ ಬಿಡಲಿಲ್ಲ ಪುಣ್ಯಾತ್ಮ. ನಾನು ನಗುವುದನ್ನೇ ನೋಡುತ್ತಿದ್ದವರು ಮೆಲ್ಲಗೆ ಹೇಳಿದರು, “ನಾ ನನ್ನ ಮಾತ ಉಳಿಸ್ಕೊಂಡೇನಿ. ಈಗ ನಿಮ್ಮ ಪಾಳಿ. ಇಲ್ಲಿ ಎಲ್ಲಾರೂ ಆರಾಮ ಆಗ್ತೀರಿ, ಆರಾಮ ಆಗ್ತೀರಿ ಅಂತಾರ. ನೀವು ಖರೆ ಹೇಳ್ರಿ. ನಾ ಮನಿಗೆ ಹೋಗ್ತೇನೋ ಇಲ್ಲೋ?”

ಬಾಗಿಲಲ್ಲಿ ಕಾಕೂ ನಿಂತಿದ್ದರು. ಖರೆ ಹೇಳಬೇಕು ಎಂದು ಅವರ ಅಂಗಡಿಯಲ್ಲಿ ಕೂಗಾಡಿದವಳು ನಾನೇ. ಮಾತು ಬೇಡಿ ತೆಗೆದುಕೊಂಡವಳೂ ನಾನೇ. ಬಾಯಿ ತೆರೆದೆ. ಆ ಮುಖ ನೋಡಿಕೊಂಡು ಆ ಒಂದು ಮಾತು ನನ್ನಿಂದ ಆಗಲಿಲ್ಲ, ಏನು ಮಾಡಿದರೂ ಆಗಲಿಲ್ಲ.

“ಎಂಟ ದಿನದಾಗ ಮನಿಗೆ ಹೋಗ್ತೀರಿ ಕಾಕಾ,” ಎಂದೆ.

ನನ್ನ ಮಾತು ಎಷ್ಟು ಶ್ರುತಿ ತಪ್ಪಿ ಕೇಳಿಸಿತೆಂದು ನನಗೇ ಗೊತ್ತು. ಅಂಥ ಕಿವಿಗೆ ಗೊತ್ತಾಗದೆ ಇರುತ್ತದೆಯೇ? ಅವರು ನನ್ನನ್ನೇ ನೋಡುತ್ತ, “ಹೌದಲ್ರಿ,” ಎಂದರು. “ನನಗೂ ಹಂಗ ಅನಸಾಕತ್ತಿತ್ತು. ನಿನ್ನಿಗಿಂತ ಇವತ್ತ ಹಗರ ಐತಿ.”

ಗಂಡ ಹೆಂಡತಿ ತಮ್ಮೊಳಗೆ ಮಾತಾಡುವುದು ಉರ್ದುವಿನಲ್ಲಿ. ಆದರೂ ಅವರು ಬಾಗಿಲ ಕಡೆ ತಿರುಗಿ, ನನಗೂ ಕೇಳುವ ಹಾಗೆ, ಕನ್ನಡದಲ್ಲೇ ದನಿ ಏರಿಸಿ ಹೇಳಿದರು: “ಕೇಳಿದೇನ? ಎಂಟ ದಿನದಾಗ ಮನಿಗೆ ಅಂತ. ಅಂಗಡಿ ಕಸಾ ಹೊಡಿಸಿಡು.”